ಬಿಲ್ ಅರ್ಧದಲ್ಲಿದ್ದಾಗ ಸ್ಕ್ರೀನ್ ಬದಲಾಗದಿರಲಿ: ವ್ಯಾಪಾರದ ಸಾಫ್ಟ್‌ವೇರ್ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ಹೋಲ್‌ಸೇಲ್ ಅಂಗಡಿಯ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೂತವರು ಸ್ಕ್ರೀನ್ ನೋಡುವುದು ಕಡಿಮೆ. ಕಣ್ಣು ಸರಕಿನ ಮೇಲೆ, ಕಿವಿ ಗಿರಾಕಿ ಕಡೆ, ಬೆರಳು ಕೀಬೋರ್ಡ್ ಮೇಲೆ. ಗಿರಾಕಿ ಕೋಡ್, ಎಂಟರ್. ಐಟಂ, ಎಂಟರ್. ಎಷ್ಟು ಪೀಸ್, ಎಂಟರ್. ಇದು ಕೈಗೆ ಕೂತುಬಿಟ್ಟಿರುತ್ತದೆ. ಇದರ ನಡುವೆ ಒಂದು ಹೊಸ ಬಾಕ್ಸ್ ಬಂದರೆ, ಬಟನ್ ಜಾಗ ಬದಲಾದರೆ, ಪೇಜ್ ತಾನಾಗೇ ರೀಲೋಡ್ ಆದರೆ ತಪ್ಪು ಬಿಲ್ ಆಗುತ್ತದೆ. ಆಮೇಲೆ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಕಡಿಮೆ ಮಾಡಿ ಕೊಡುವ ಚೀಟಿ), ಸ್ಟಾಕ್ ವ್ಯತ್ಯಾಸ, ತಿಂಗಳ ಕೊನೆಯಲ್ಲಿ ಆಡಿಟರ್ ಫೋನ್. ನಮಗೆ ಅದು ಸಣ್ಣ ಅಪ್‌ಡೇಟ್, ಅವರಿಗೆ ಅರ್ಧ ದಿನದ ಕೆಲಸ.

ಈ ಬರಹ ಬಿಲ್ಲಿಂಗ್, ಸ್ಟಾಕ್, ಆರ್ಡರ್ ಥರದ ಸಾಫ್ಟ್‌ವೇರ್ ಕಟ್ಟುವವರಿಗೆ. ಉದ್ದಕ್ಕೂ ಒಂದೇ ಸ್ಕ್ರೀನ್ ಉದಾಹರಣೆ ಇಟ್ಟುಕೊಳ್ಳುತ್ತೇನೆ: ಜಿಎಸ್‌ಟಿ ಇನ್‌ವಾಯ್ಸ್ ಎಂಟ್ರಿ. ಎಲ್ಲಾ ಹೆಜ್ಜೆಗಳ ಹಿಂದೆ ಇರುವ ನಿಯಮವೂ ಒಂದೇ. ಬಿಲ್ ಯಾವ ಸ್ಕ್ರೀನ್‌ನಲ್ಲಿ ಶುರುವಾಯಿತೋ ಅದೇ ಸ್ಕ್ರೀನ್‌ನಲ್ಲಿ ಮುಗಿಯಬೇಕು. ಬದಲಾವಣೆ ಎರಡು ಬಿಲ್‌ಗಳ ನಡುವೆ ಬರಲಿ, ಒಂದು ಬಿಲ್ ನಡುವೆ ಬೇಡ.

1. ಕೈಗೆ ಏನೇನು ಗೊತ್ತಿದೆ ಅಂತ ಬರೆದುಕೊಳ್ಳಿ

ಡಿಸೈನ್ ಶುರು ಮಾಡುವ ಮೊದಲು ಬಳಸುವವರ ಪಕ್ಕ ಕೂತು ಸುಮ್ನೆ ನೋಡಿ. ಪ್ರಶ್ನೆ ಕೇಳಬೇಡಿ. ಕೇಳಿದರೆ ಅವರು ಸ್ಕ್ರೀನ್‌ನಲ್ಲಿ ಇರುವುದನ್ನು ವಿವರಿಸುತ್ತಾರೆ, ತಾವು ಮಾಡುವುದನ್ನಲ್ಲ. ಯಾವ ಕೀ ಎಷ್ಟು ಸಲ ಒತ್ತಿದರು, ಎಲ್ಲಿ ಸ್ಕ್ರೀನ್ ನೋಡದೆ ಒತ್ತಿದರು, ಎಲ್ಲಿ ನಿಂತು ನೋಡಿದರು, ಇದನ್ನು ಬರೆದುಕೊಳ್ಳಿ. ಟ್ಯಾಬ್ ಹೋಗುವ ಕ್ರಮ, ಶಾರ್ಟ್‌ಕಟ್ ಕೀಗಳು, ಪಟ್ಟಿಯಲ್ಲಿ ಮೊದಲು ಬರುವ ಆಯ್ಕೆ, ಎಂಟರ್ ಒತ್ತಿದರೆ ಏನಾಗುತ್ತದೆ, ಪ್ರಿಂಟ್‌ನಲ್ಲಿ ಮೊತ್ತ ಎಲ್ಲಿ ಬರುತ್ತದೆ. ನೋಡದೆ ಒತ್ತುವ ಪ್ರತಿ ಜಾಗವೂ ನೀವು ಕೊಟ್ಟ ಮಾತಿನ ಹಾಗೆ. ಅದನ್ನು ಮುರಿಯುವುದಾದರೆ ಬಲವಾದ ಕಾರಣ ಬೇಕು.

ಬೆಂಗಳೂರಿನ ಟ್ಯಾಲಿ ಕಂಪನಿ 2020ರ ನವೆಂಬರ್‌ನಲ್ಲಿ ಟ್ಯಾಲಿಪ್ರೈಮ್ ತಂದಾಗ ಮೆನು ಮತ್ತು ಸ್ಕ್ರೀನ್‌ನ ನೋಟ ತುಂಬಾ ಬದಲಾಯಿತು. ಆದರೆ ಎಫ್‌5 ಪೇಮೆಂಟ್, ಎಫ್‌6 ರಸೀದಿ, ಎಫ್‌8 ಮಾರಾಟ, ಎಫ್‌9 ಖರೀದಿ ಹಾಗೇ ಉಳಿದವು. ವರ್ಷಗಟ್ಟಲೆ ಅದರಲ್ಲೇ ಲೆಕ್ಕ ಬರೆದವರ ಬೆರಳಿಗೆ ದಿನದ ಮುಖ್ಯ ಕೆಲಸ ಮತ್ತೆ ಕಲಿಯಬೇಕಾಗಲಿಲ್ಲ. ಮೈಕ್ರೋಸಾಫ್ಟ್ ಆಫೀಸ್ 2007ರಲ್ಲಿ ಹಳೆಯ ಮೆನುಗಳನ್ನೇ ತೆಗೆದು ರಿಬ್ಬನ್ ತಂದರು. ಆಗಲೂ 2003ರ ಆಲ್ಟ್ ಕೀಗಳ ಸಾಲನ್ನು ಒತ್ತಿದರೆ ಕೆಲಸ ಆಗುವಂತೆ ಉಳಿಸಿಕೊಂಡರು. ಮೆನು ಕಣ್ಣಿಗೆ ಕಾಣದಿದ್ದರೂ ಕೀ ಕೆಲಸ ಮಾಡುತ್ತಿತ್ತು. ನಕಲು ಮಾಡಬೇಕಾದದ್ದು ಇದನ್ನೇ.

2. ಬದಲಾವಣೆ ಯಾವ ಜಾತಿಯದು ಅಂತ ಗುರುತಿಸಿ

ಎಲ್ಲಾ ಬದಲಾವಣೆಗೂ ಒಂದೇ ಎಚ್ಚರ ಬೇಕಿಲ್ಲ. ಬಣ್ಣ, ಅಂಚು, ಐಕಾನ್ ಬದಲಾದರೆ ಸಾಮಾನ್ಯವಾಗಿ ಯಾರಿಗೂ ತೊಂದರೆ ಇಲ್ಲ. ಫಾಂಟ್ ಬದಲಿಸುವಾಗ ಮಾತ್ರ ಕನ್ನಡದಲ್ಲಿ ಹುಷಾರಾಗಿರಿ. ಒತ್ತಕ್ಷರಕ್ಕೆ ಸಾಲಿನ ಎತ್ತರ ಜಾಸ್ತಿ ಬೇಕು. ಇಂಗ್ಲಿಷ್ ಹೆಸರಿನಲ್ಲಿ ಪರೀಕ್ಷಿಸಿದ ಸಾಲಿನಲ್ಲಿ ‘ಕೃಷ್ಣಾ ಸ್ಟೋರ್ಸ್’ ಎಂದು ಬಂದಾಗ ಕೆಳಗಿನ ಒತ್ತು ಕತ್ತರಿಸಿ ಹೋಗಬಹುದು. ಇಲ್ಲವೇ ಸಾಲು ಉದ್ದವಾಗಿ ಕೆಳಗಿನದೆಲ್ಲ ಜಾರಬಹುದು.

ಹೊಸದನ್ನು ಸೇರಿಸುವುದು ಎರಡನೆಯ ಜಾತಿ. ಕಡ್ಡಾಯ ಅಲ್ಲದಿದ್ದರೆ, ಟ್ಯಾಬ್ ಕ್ರಮದ ಕೊನೆಗೆ ಇಟ್ಟರೆ, ತೊಂದರೆ ಕಡಿಮೆ. ಜಾಗ ಬದಲಿಸುವುದು, ತೆಗೆಯುವುದು ಮೂರನೆಯದು. ಇದಕ್ಕೆ ಮುಂಚೆಯೇ ತಿಳಿಸಬೇಕು, ಹಿಂದಕ್ಕೆ ಹೋಗಲು ದಾರಿ ಬೇಕು.

ಎಲ್ಲಕ್ಕಿಂತ ಅಪಾಯದ್ದು ಅರ್ಥ ಬದಲಾಗುವುದು. ಬಾಕ್ಸ್ ಅದೇ ಜಾಗದಲ್ಲಿದೆ, ಹೆಸರೂ ಅದೇ. ಆದರೆ ನಿನ್ನೆ ತೆರಿಗೆ ಸೇರಿಸಿದ ದರ ಬರೆಯಬೇಕಿತ್ತು, ಇವತ್ತು ತೆರಿಗೆ ಇಲ್ಲದ ದರ. ಕೈ ನಿನ್ನೆಯದನ್ನೇ ಬರೆಯುತ್ತದೆ. ಸ್ಕ್ರೀನ್ ಅದನ್ನು ಒಪ್ಪಿಕೊಳ್ಳುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಅರ್ಥ ಬದಲಾದರೆ ಜಾಗ, ಹೆಸರು ಎರಡನ್ನೂ ಬೇಕೆಂದೇ ಬದಲಿಸಿ. ಇಲ್ಲಿ ಮಾತ್ರ ಕೈ ತಡವರಿಸುವುದೇ ಒಳ್ಳೆಯದು.

3. ಕೋಡ್ ಹಾಕುವುದು ಬೇರೆ, ಸ್ಕ್ರೀನ್ ತೋರಿಸುವುದು ಬೇರೆ

ಹೊಸ ಸ್ಕ್ರೀನ್‌ನ ಕೋಡ್ ಸರ್ವರ್‌ಗೆ ಹೋದ ತಕ್ಷಣ ಎಲ್ಲರಿಗೂ ಕಾಣಬೇಕಿಲ್ಲ. ಫೀಚರ್ ಫ್ಲ್ಯಾಗ್ ಹಿಂದೆ, ಅಂದರೆ ಬೇಕಾದಾಗ ಆನ್ ಅಥವಾ ಆಫ್ ಮಾಡುವ ಸ್ವಿಚ್ ಹಿಂದೆ, ಇಡಿ. ಇದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಫ್ಲ್ಯಾಗನ್ನು ಯಾವಾಗ ಓದುತ್ತೀರಿ ಎನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಪ್ರತಿ ಸಲ ಸ್ಕ್ರೀನ್ ಚಿತ್ರಿಸುವಾಗ ಫ್ಲ್ಯಾಗ್ ಓದಿದರೆ, ನೀವು ಆಫೀಸಿನಲ್ಲಿ ಸ್ವಿಚ್ ಒತ್ತಿದ ಕ್ಷಣ ಕೌಂಟರ್‌ನಲ್ಲಿ ಹನ್ನೆರಡನೇ ಐಟಂ ಹಾಕುತ್ತಿದ್ದವರ ಸ್ಕ್ರೀನ್ ಬದಲಾಗುತ್ತದೆ.

‘ಹೊಸ ಬಿಲ್’ ಒತ್ತಿದಾಗ ಒಂದೇ ಸಲ ಫ್ಲ್ಯಾಗ್ ಓದಿ. ಸಿಕ್ಕ ಉತ್ತರವನ್ನು ಆ ಬಿಲ್ಲಿನ ಡ್ರಾಫ್ಟ್ ಜೊತೆ ಬರೆದಿಡಿ. ಬಿಲ್ ಸೇವ್ ಆಗುವ ತನಕ ಅದೇ ಉತ್ತರ. ಹೋಲ್ಡ್ ಮಾಡಿ ನಾಳೆ ತೆರೆದರೂ ಅದೇ.

ಯಾರಿಗೆ ತೋರಿಸಬೇಕು ಎನ್ನುವುದನ್ನೂ ಯೋಚಿಸಿ. ಸಾಮಾನ್ಯ ಗಿರಾಕಿಗಳ ಆ್ಯಪ್‌ನಲ್ಲಿ ಶೇಕಡಾ 10 ಜನರನ್ನು ಎಲ್ಲಿಂದಾದರೂ ಆರಿಸಿ ತೋರಿಸಬಹುದು. ಅಂಗಡಿಯಲ್ಲಿ ಅದು ನಡೆಯುವುದಿಲ್ಲ. ಅಕ್ಕಪಕ್ಕದ ಎರಡು ಕೌಂಟರ್‌ಗೆ ಎರಡು ಥರದ ಸ್ಕ್ರೀನ್ ಬಂದರೆ ಒಬ್ಬರು ಇನ್ನೊಬ್ಬರಿಗೆ ಸಹಾಯ ಮಾಡಲಾರರು. ಮಧ್ಯಾಹ್ನ ಊಟಕ್ಕೆ ಎದ್ದಾಗ ಪಕ್ಕದವರು ಬಂದು ಕೂರಲಾರರು. ಹಾಗಾಗಿ ಅಂಗಡಿಗೆ ಅಂಗಡಿಯೇ ಒಟ್ಟಿಗೆ ಬದಲಾಗಲಿ.

4. ಅರ್ಧ ಬಿಲ್ ಯಾವತ್ತೂ ಕಳೆದುಹೋಗಬಾರದು

ಕರೆಂಟ್ ಹೋಗುತ್ತದೆ, ನೆಟ್ ಹೋಗುತ್ತದೆ, ಲಾಗಿನ್ ಅವಧಿ ಮುಗಿಯುತ್ತದೆ. ಪ್ರತಿ ಸಾಲು ಸೇರಿದಾಗಲೂ ಡ್ರಾಫ್ಟ್ ಉಳಿಯಬೇಕು. ಬ್ರೌಸರ್ ಆ್ಯಪ್ ಆದರೆ ಬ್ರೌಸರ್ ಒಳಗೇ ಇರುವ ಇಂಡೆಕ್ಸ್‌ಡ್‌ಡಿಬಿ ಎಂಬ ಸಂಗ್ರಹದಲ್ಲಿ ಇಡಿ, ನೆಟ್ ಇದ್ದಾಗ ಸರ್ವರ್‌ಗೂ ಕಳಿಸಿ. ಡ್ರಾಫ್ಟಿನಲ್ಲಿ ಅದರ ನಮೂನೆಯ ಸಂಖ್ಯೆ ಇರಲಿ. ಹೊಸ ಕೋಡ್ ಹಳೆಯ ನಮೂನೆಯ ಡ್ರಾಫ್ಟ್ ಕಂಡಾಗ ಹಂತ ಹಂತವಾಗಿ ಹೊಸದಕ್ಕೆ ತರುವ ಸಣ್ಣ ಫಂಕ್ಷನ್‌ಗಳು ಇರಬೇಕು: ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ. ಅರ್ಥವಾಗದ ಡ್ರಾಫ್ಟ್ ಸಿಕ್ಕರೆ ಅಳಿಸಬೇಡಿ. ಓದಲು ಮಾತ್ರ ಆಗುವಂತೆ ತೋರಿಸಿ. ಕನಿಷ್ಠ ನೋಡಿಕೊಂಡು ಮತ್ತೆ ಬರೆಯಲು ಬರುತ್ತದೆ ಅಲ್ವಾ.

ಲಾಗಿನ್ ಮುಗಿದಾಗ ಬೇರೆ ಪೇಜಿಗೆ ಕಳಿಸಬೇಡಿ. ಅದೇ ಸ್ಕ್ರೀನ್ ಮೇಲೆ ಪಾಸ್‌ವರ್ಡ್ ಕೇಳಿ, ಕೊಟ್ಟ ಮೇಲೆ ಇದ್ದಲ್ಲಿಗೇ ಬಿಡಿ.

5. ಹಳೆಯ ಸ್ಕ್ರೀನ್ ಮತ್ತು ಹೊಸ ಸ್ಕ್ರೀನ್ ಎರಡನ್ನೂ ಸರ್ವರ್ ಒಪ್ಪಲಿ

ನಿಜವಾದ ಕೆಲಸ ಇರುವುದು ಇಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ತೆರೆದ ಟ್ಯಾಬ್ ರಾತ್ರಿ ಒಂಬತ್ತರವರೆಗೂ ತೆರೆದಿರುತ್ತದೆ. ಮಧ್ಯಾಹ್ನ ಸರ್ವರ್ ಬದಲಾದರೂ ಆ ಟ್ಯಾಬ್‌ನಲ್ಲಿ ಇರುವುದು ಹಳೆಯ ಕೋಡೇ. ಆದ್ದರಿಂದ ಡೇಟಾಬೇಸ್ ಮತ್ತು ಎಪಿಐ (ಸ್ಕ್ರೀನ್ ಸರ್ವರ್ ಜೊತೆ ಮಾತಾಡುವ ದಾರಿ) ಬದಲಾವಣೆಯನ್ನು ಒಂದೇ ಏಟಿಗೆ ಮಾಡಬಾರದು. ಮೊದಲು ಹಿಗ್ಗಿಸಿ, ಆಮೇಲೆ ಸಾಗಿಸಿ, ಕೊನೆಗೆ ಕುಗ್ಗಿಸಿ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಹಳೆಯ ಸ್ಕ್ರೀನ್‌ನಲ್ಲಿ ‘ರಿಯಾಯಿತಿ’ ಎಂಬ ಒಂದೇ ಕಾಲಂ ಇದೆ. ಹೊಸದರಲ್ಲಿ ಎರಡು: ವ್ಯಾಪಾರ ರಿಯಾಯಿತಿ, ಸ್ಕೀಮ್ ರಿಯಾಯಿತಿ. ಮೊದಲ ಹೆಜ್ಜೆ, ಎರಡು ಹೊಸ ಕಾಲಂ ಸೇರಿಸಿ, ಖಾಲಿ ಬಿಟ್ಟರೂ ನಡೆಯುವಂತೆ. ಹಳೆಯದನ್ನು ಮುಟ್ಟಬೇಡಿ. ಎರಡನೆಯದು, ಹೊಸ ಸ್ಕ್ರೀನ್ ಸೇವ್ ಮಾಡಿದಾಗ ಹೊಸ ಕಾಲಂ ಜೊತೆಗೆ ಹಳೆಯದಕ್ಕೂ ಒಟ್ಟು ರಿಯಾಯಿತಿ ಬರೆಯಿರಿ. ಇಲ್ಲಿ ಲೆಕ್ಕ ನೋಡಿಕೊಳ್ಳಿ. 100 ರೂಪಾಯಿ ಮೇಲೆ ಶೇಕಡಾ 5 ಕಳೆದು ಉಳಿದದ್ದರ ಮೇಲೆ ಶೇಕಡಾ 2 ಕಳೆದರೆ 93 ರೂಪಾಯಿ 10 ಪೈಸೆ. ಅಂದರೆ ಒಟ್ಟು ಶೇಕಡಾ 6.9, ಏಳಲ್ಲ. ಹಳೆಯ ಕಾಲಂನಲ್ಲಿ 7 ಅಂತ ಬರೆದರೆ ಅದೇ ಬಿಲ್ ಎರಡು ಕೌಂಟರ್‌ನಲ್ಲಿ ಎರಡು ಮೊತ್ತ ತೋರಿಸುತ್ತದೆ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಹೊಸ ಸ್ಕ್ರೀನ್‌ನಲ್ಲಿ ಮಾಡಿದ ಬಿಲ್ಲನ್ನು ಹಳೆಯ ಸ್ಕ್ರೀನ್‌ನವರು ತೆರೆದು ವಾಹನ ಸಂಖ್ಯೆ ಮಾತ್ರ ತಿದ್ದಿ ಸೇವ್ ಮಾಡುತ್ತಾರೆ. ಅವರ ಕೋಡ್‌ಗೆ ಎರಡು ರಿಯಾಯಿತಿ ಗೊತ್ತೇ ಇಲ್ಲ. ಸರ್ವರ್ ಬಂದದ್ದನ್ನು ಬಂದ ಹಾಗೆ ಬರೆದರೆ ಸ್ಕೀಮ್ ರಿಯಾಯಿತಿ ಮಾಯ. ಆದ್ದರಿಂದ ಸರ್ವರ್‌ನಲ್ಲಿ ನಿಯಮ ಇರಲಿ: ಹಳೆಯ ಸ್ಕ್ರೀನ್‌ನಿಂದ ಬಂದ ಒಟ್ಟು ರಿಯಾಯಿತಿ ಮೊದಲಿನಷ್ಟೇ ಇದ್ದರೆ ಎರಡು ಕಾಲಂ ಮುಟ್ಟಬೇಡ. ಬದಲಾಗಿದ್ದರೆ ಪೂರ್ತಿಯನ್ನು ವ್ಯಾಪಾರ ರಿಯಾಯಿತಿಗೆ ಹಾಕಿ, ‘ಪರಿಶೀಲಿಸಿ’ ಎಂಬ ಗುರುತು ಇಡು.

ಆಮೇಲೆ ಹಳೆಯ ಬಿಲ್‌ಗಳನ್ನು ಸ್ವಲ್ಪ ಸ್ವಲ್ಪವಾಗಿ ಹೊಸ ಕಾಲಂಗೆ ತುಂಬಿ. ವರದಿಗಳು ಹೊಸದನ್ನು ಓದಲಿ. ಹಳೆಯ ಕಾಲಂ ತೆಗೆಯುವುದು ಕೊನೆಗೆ.

ಇದನ್ನೆಲ್ಲ ಮಾಡುವಾಗ ಡೇಟಾಬೇಸ್ ಬೀಗದ (ಲಾಕ್) ಕಡೆ ಗಮನ ಇರಲಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಸಾಮಾನ್ಯ ರೀತಿ ಇಂಡೆಕ್ಸ್ (ಬೇಗ ಹುಡುಕಲು ಬೇಕಾದ ಸೂಚಿ) ಕಟ್ಟಿದರೆ ಮುಗಿಯುವ ತನಕ ಆ ಟೇಬಲ್‌ಗೆ ಯಾರೂ ಬರೆಯಲು ಆಗುವುದಿಲ್ಲ. ಕೌಂಟರ್‌ನಲ್ಲಿ ಸೇವ್ ಒತ್ತಿದವರಿಗೆ ಚಕ್ರ ತಿರುಗುತ್ತಾ ಇರುತ್ತದೆ. ‘ಕನ್‌ಕರೆಂಟ್ಲಿ’ ಎಂದು ಸೇರಿಸಿ ಕಟ್ಟಿ. ಟೇಬಲ್ ಬದಲಿಸುವ ಆದೇಶಕ್ಕೆ ಲಾಕ್ ಟೈಮ್‌ಔಟ್ ಇಡಿ, ಕೆಲವು ಸೆಕೆಂಡ್ ಸಾಕು. ಬೀಗ ಸಿಗದಿದ್ದರೆ ಅದು ಬಿಟ್ಟುಕೊಟ್ಟು ಆಮೇಲೆ ಪ್ರಯತ್ನಿಸಲಿ, ಅಂಗಡಿ ಕಾಯಬಾರದು.

6. ತೆರೆದ ಟ್ಯಾಬ್‌ನ ಕಾಲ ಕೆಳಗಿನ ಫೈಲ್ ಎಳೆಯಬೇಡಿ

ಈಗಿನ ಆ್ಯಪ್‌ಗಳಲ್ಲಿ ಕೋಡ್ ತುಂಡು ತುಂಡಾಗಿ ಬರುತ್ತದೆ. ಪ್ರಿಂಟ್ ಒತ್ತಿದಾಗಲೇ ಪ್ರಿಂಟ್‌ನ ತುಂಡು ಇಳಿಯುತ್ತದೆ. ಪ್ರತಿ ಬಿಲ್ಡ್‌ನಲ್ಲಿ, ಅಂದರೆ ಹೊರಬಿಡಲು ಸಿದ್ಧ ಮಾಡಿದ ಪ್ರತಿ ಆವೃತ್ತಿಯಲ್ಲಿ, ಬದಲಾದ ಫೈಲ್‌ಗೆ ಹೊಸ ಹೆಸರು. ನೀವು ಮಧ್ಯಾಹ್ನ ಹೊಸ ಬಿಲ್ಡ್ ಹಾಕಿ ಹಳೆಯ ಫೈಲ್ ಅಳಿಸಿದರೆ, ಬೆಳಗಿನ ಟ್ಯಾಬ್ ಹಳೆಯ ಹೆಸರು ಕೇಳುತ್ತದೆ. 404, ಅಂದರೆ ‘ಫೈಲ್ ಸಿಗಲಿಲ್ಲ’ ಎಂಬ ಉತ್ತರ, ಬರುತ್ತದೆ. ಬಿಲ್ ಆಯಿತು, ಪ್ರಿಂಟ್ ಇಲ್ಲ. ಲಾರಿ ಬಾಗಿಲಲ್ಲಿ ನಿಂತಿದೆ.

ಪರಿಹಾರ ಸುಲಭ. ಹಳೆಯ ಬಿಲ್ಡ್‌ಗಳ ಫೈಲ್‌ಗಳನ್ನು ಕೆಲವು ವಾರ ಸರ್ವರ್‌ನಲ್ಲೇ ಬಿಡಿ. ಜಾಗದ ಖರ್ಚು ಏನೂ ಅಲ್ಲ. ಆ ಫೈಲ್‌ಗಳನ್ನು ಬ್ರೌಸರ್ ದೀರ್ಘಕಾಲ ಇಟ್ಟುಕೊಳ್ಳಲಿ, ಮುಖ್ಯ ಎಚ್‌ಟಿಎಂಎಲ್ ಫೈಲನ್ನು ಮಾತ್ರ ಪ್ರತಿ ಸಲ ಸರ್ವರ್‌ನಲ್ಲಿ ಕೇಳಿ ನೋಡಲಿ. ಸರ್ವಿಸ್ ವರ್ಕರ್ (ಬ್ರೌಸರ್‌ನಲ್ಲಿ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್) ಬಳಸುತ್ತಿದ್ದರೆ, ಹೊಸದು ಬಂದಾಗ ಅದು ತಾನಾಗೇ ಕಾಯುತ್ತದೆ. ಹಳೆಯ ಟ್ಯಾಬ್‌ಗಳೆಲ್ಲ ಮುಚ್ಚಿದ ಮೇಲೆ ಕೆಲಸಕ್ಕೆ ಬರುತ್ತದೆ. ‘ಸ್ಕಿಪ್‌ವೇಟಿಂಗ್’ ಹಾಕಿ ಬಿಲ್ ನಡುವೆ ಅದನ್ನು ಬಲವಂತವಾಗಿ ಎಬ್ಬಿಸುವ ಅಭ್ಯಾಸ ಬಿಡಿ.

ಹೊಸ ಆವೃತ್ತಿ ಬಂದಿದೆ ಅಂತ ತಿಳಿಸಲು ಮೂಲೆಯಲ್ಲಿ ಒಂದು ಸಣ್ಣ ಸಾಲು ಸಾಕು: ‘ಹೊಸ ಆವೃತ್ತಿ ಸಿದ್ಧ, ಈ ಬಿಲ್ ಮುಗಿದ ಮೇಲೆ ಬರುತ್ತದೆ’. ಬಿಲ್ ಸೇವ್ ಆಗಿ, ಪ್ರಿಂಟ್ ಹೋಗಿ, ಖಾಲಿ ಬಿಲ್ ಸ್ಕ್ರೀನ್ ಬಂದಾಗ ರೀಲೋಡ್ ಮಾಡಿ. ಅದು ಎರಡು ಬಿಲ್‌ಗಳ ನಡುವಿನ ಜಾಗ. ಸರ್ವರ್ ಕಡೆಯೂ ಇದೇ ಶಿಸ್ತು ಬೇಕು. ಹಳೆಯ ಪ್ರೊಸೆಸ್ ನಿಲ್ಲಿಸುವ ಮೊದಲು ಕೈಯಲ್ಲಿರುವ ಸೇವ್‌ಗಳನ್ನು ಮುಗಿಸಲು ಬಿಡಿ. ಸರ್ವರ್‌ನ ಪ್ರೊಸೆಸ್‌ಗಳನ್ನು ನಡೆಸುವ ಕುಬರ್ನೆಟಿಸ್ ಇದಕ್ಕೆ ತಾನಾಗಿ ಕೊಡುವುದು 30 ಸೆಕೆಂಡ್. ನಿಮ್ಮ ಸ್ಟಾಕ್ ಲೆಕ್ಕ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿದರೆ ಹೆಚ್ಚಿಸಿಕೊಳ್ಳಿ.

7. ಪಾಪ್‌ಅಪ್ ಬೇಡ, ಅದರಲ್ಲೂ ಸ್ಕ್ಯಾನರ್ ಇದ್ದರೆ

ಹೆಚ್ಚಿನ ಅಂಗಡಿಗಳ ಬಾರ್‌ಕೋಡ್ ಸ್ಕ್ಯಾನರ್ ಕಂಪ್ಯೂಟರ್‌ಗೆ ಕೀಬೋರ್ಡ್ ಥರ ಕಾಣುತ್ತದೆ. ಅದು ಕೋಡ್‌ನ ಅಂಕಿಗಳನ್ನು ಟೈಪ್ ಮಾಡಿ ಕೊನೆಗೆ ಎಂಟರ್ ಕಳಿಸುತ್ತದೆ. ಈಗ ನಡುವೆ ‘ಏನು ಹೊಸದು’ ಎಂಬ ಪಾಪ್‌ಅಪ್ ಬಂತು ಅಂದುಕೊಳ್ಳಿ. ಗಮನ ಅದರ ‘ಸರಿ’ ಬಟನ್ ಮೇಲೆ ಹೋಗುತ್ತದೆ. ಕೌಂಟರ್‌ನವರು ಬಿಸ್ಕತ್ ಬಾಕ್ಸ್ ಸ್ಕ್ಯಾನ್ ಮಾಡುತ್ತಾರೆ. ಅಂಕಿಗಳು ಎಲ್ಲಿಗೂ ಹೋಗುವುದಿಲ್ಲ, ಕೊನೆಯ ಎಂಟರ್ ಪಾಪ್‌ಅಪ್ ಮುಚ್ಚುತ್ತದೆ. ಸ್ಕ್ಯಾನರ್ ಬೀಪ್ ಅಂದಿದೆ, ಆ ಬೀಪ್ ಸಾಫ್ಟ್‌ವೇರ್‌ನದಲ್ಲ, ಸ್ಕ್ಯಾನರ್‌ನದು. ಬಾಕ್ಸ್ ಚೀಲಕ್ಕೆ ಹೋಯಿತು, ಬಿಲ್ಲಿಗೆ ಬರಲಿಲ್ಲ. ಸಂಜೆ ಸ್ಟಾಕ್ ಕಡಿಮೆ ಬಂದಾಗ ಬೈಸಿಕೊಳ್ಳುವುದು ಕೌಂಟರ್‌ನಲ್ಲಿ ಕೂತವರು. ಅವರದ್ದೇನೂ ತಪ್ಪಿಲ್ಲ.

ಬಿಲ್ ತೆರೆದಿರುವಾಗ ಬಳಸುವವರು ಕೇಳದ ಯಾವ ಪಾಪ್‌ಅಪ್ಪೂ ಗಮನ ಕಸಿದುಕೊಳ್ಳಬಾರದು. ಹೇಳಲೇಬೇಕಾದದ್ದು ಇದ್ದರೆ ಸ್ಕ್ರೀನ್‌ನಲ್ಲಿ ಮೊದಲೇ ಜಾಗ ಬಿಟ್ಟ ಪಟ್ಟಿಯಲ್ಲಿ ಬರಲಿ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗೆ ಅದು ‘ಪೊಲೈಟ್’ ಎಂಬ ಗುರುತಿನಿಂದ ಹೋಗಲಿ, ಆಗ ಓದುತ್ತಿರುವುದನ್ನು ಮುಗಿಸಿ ಆಮೇಲೆ ಹೇಳುತ್ತದೆ. ಬಿಲ್ ನಿಲ್ಲಿಸಲೇಬೇಕಾದ ತಪ್ಪು ಬಂದರೆ, ಆ ಬಾಕ್ಸ್‌ನ ಯಾವ ಬಟನ್ನೂ ಎಂಟರ್‌ಗೆ ಓಗೊಡದಂತೆ ಮಾಡಿ, ಬೇರೆಯದೇ ಸದ್ದು ಕೊಡಿ.

8. ತಾನಾಗೇ ಹೊಸದಾಗುವ ಪಟ್ಟಿಗಳು

ಆರ್ಡರ್ ಪಟ್ಟಿಯಲ್ಲಿ ಮೂರನೇ ಸಾಲು ಒತ್ತಲು ಬೆರಳು ಇಳಿಯುತ್ತಿದೆ. ಅಷ್ಟರಲ್ಲಿ ಮೇಲೆ ಹೊಸ ಆರ್ಡರ್ ಸೇರಿ ಎಲ್ಲ ಕೆಳಗೆ ಜಾರಿತು. ಬೇರೆಯವರ ಆರ್ಡರ್ ತೆರೆಯಿತು, ಅಥವಾ ರದ್ದಾಯಿತು. ಹೊಸ ಸಾಲನ್ನು ತಾನಾಗೇ ಸೇರಿಸಬೇಡಿ. ‘3 ಹೊಸ ಆರ್ಡರ್’ ಎಂಬ ಬಟನ್ ತೋರಿಸಿ, ಒತ್ತಿದಾಗ ಸೇರಲಿ. ಮೊತ್ತ, ಸ್ಟಾಕ್ ಥರದ ಅಂಕಿಗಳು ಇದ್ದ ಜಾಗದಲ್ಲೇ ಬದಲಾಗಲಿ, ಬದಲಾದದ್ದು ಒಂದು ಕ್ಷಣ ಬೇರೆ ಬಣ್ಣದಲ್ಲಿ ಕಾಣಲಿ. ಪೇಜ್ ಎಷ್ಟು ಜಾರುತ್ತದೆ ಎಂದು ಅಳೆಯಲು ಗೂಗಲ್‌ನ ವೆಬ್ ವೈಟಲ್ಸ್‌ನಲ್ಲಿ ಸಿಎಲ್‌ಎಸ್ ಎಂಬ ಅಳತೆ ಇದೆ. 0.1 ಅಥವಾ ಕಡಿಮೆ ಇದ್ದರೆ ಒಳ್ಳೆಯದು ಎನ್ನುತ್ತಾರೆ. ಬಿಲ್ಲಿಂಗ್ ಸ್ಕ್ರೀನ್‌ಗೆ ನಾನು ಸೊನ್ನೆ ಕೇಳುತ್ತೇನೆ.

ಒಂದೇ ಬಿಲ್ಲನ್ನು ಇಬ್ಬರು ತಿದ್ದುವ ವಿಷಯ: ಪ್ರತಿ ಬಿಲ್ಲಿಗೂ ಆವೃತ್ತಿ ಸಂಖ್ಯೆ ಇಡಿ. ಸೇವ್ ಬಂದಾಗ ಸಂಖ್ಯೆ ಹಳೆಯದಾಗಿದ್ದರೆ ಸರ್ವರ್‌ನಿಂದ 409, ಅಂದರೆ ‘ಘರ್ಷಣೆ’ ಎಂಬ ಉತ್ತರ, ಕಳಿಸಿ. ಆಗ ‘ದೋಷ’ ಅಂತ ಮಾತ್ರ ತೋರಿಸಬೇಡಿ. ಯಾವ ಸಾಲನ್ನು ಯಾರು ಬದಲಿಸಿದರು, ನಿಮ್ಮದು ಏನು, ಅವರದು ಏನು ಅಂತ ಪಕ್ಕಪಕ್ಕ ತೋರಿಸಿ. ಬರೆದದ್ದು ಹಾಗೇ ಉಳಿದಿರಲಿ.

9. ಕಾನೂನು ಬದಲಾದಾಗ ಸ್ಕ್ರೀನ್ ಬದಲಿಸಬೇಡಿ, ಡೇಟಾ ಬದಲಿಸಿ

2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಕೌನ್ಸಿಲ್‌ನ 56ನೇ ಸಭೆ ದರಗಳನ್ನು ಬದಲಿಸಿತು. ಜಾರಿಗೆ ಬಂದದ್ದು ಸೆಪ್ಟೆಂಬರ್ 22ಕ್ಕೆ. ಶೇಕಡಾ 12 ಮತ್ತು 28ರ ಹಂತಗಳು ಬಹುಪಾಲು ಹೋದವು. ತುಪ್ಪ, ಬೆಣ್ಣೆ 12ರಿಂದ 5ಕ್ಕೆ, ಬಿಸ್ಕತ್, ಟೂತ್‌ಪೇಸ್ಟ್, ಶಾಂಪೂ 18ರಿಂದ 5ಕ್ಕೆ, ಸಿಮೆಂಟ್ 28ರಿಂದ 18ಕ್ಕೆ. ಸಿಕ್ಕ ಸಮಯ ಮೂರು ವಾರಕ್ಕೂ ಕಡಿಮೆ.

ಐಟಂ ಮಾಸ್ಟರ್‌ನಲ್ಲಿ (ಎಲ್ಲ ಸರಕಿನ ವಿವರ ಇರುವ ಪಟ್ಟಿ) ತೆರಿಗೆ ದರ ಒಂದೇ ಬಾಕ್ಸ್ ಆಗಿದ್ದರೆ, ಯಾರೋ 21ರ ಮಧ್ಯರಾತ್ರಿ ಕೂತು ಎಲ್ಲ ಬದಲಿಸಬೇಕು. ಆಗ ಹೋಲ್ಡ್‌ನಲ್ಲಿದ್ದ ಬಿಲ್‌ಗಳ ಮೊತ್ತ ಸದ್ದಿಲ್ಲದೆ ಬದಲಾಗುತ್ತದೆ. ದರಕ್ಕೆ ‘ಯಾವತ್ತಿನಿಂದ’ ಎಂಬ ದಿನಾಂಕ ಇದ್ದರೆ ಹೊಸ ಸಾಲನ್ನು ವಾರ ಮೊದಲೇ ಸೇರಿಸಿಡಬಹುದು. ಬಿಲ್ಲಿನ ದಿನಾಂಕ ನೋಡಿ ದರ ಬರುತ್ತದೆ, ಗಡಿಯಾರ ನೋಡಿ ಅಲ್ಲ. 21ರ ದಿನಾಂಕ ಹೊತ್ತ ಹೋಲ್ಡ್ ಬಿಲ್ಲನ್ನು 22ಕ್ಕೆ ತೆರೆದಾಗ ಕೇಳಿ: ದಿನಾಂಕ 22ಕ್ಕೆ ಬದಲಿಸಬೇಕೇ? ಬದಲಿಸಿದರೆ ಯಾವ ಸಾಲು ಎಷ್ಟರಿಂದ ಎಷ್ಟಕ್ಕೆ ಹೋಗುತ್ತದೆ ಅಂತ ತೋರಿಸಿ. ಹಳೆಯ ದರದ ಮಾರಾಟ ವಾಪಸ್ ಬಂದರೆ ಕ್ರೆಡಿಟ್ ನೋಟ್ ಮೂಲ ಬಿಲ್ಲಿನ ದರವನ್ನೇ ಹಿಡಿಯಬೇಕು. ಹಾಗಾಗಿ ಪಟ್ಟಿಯಿಂದ 12 ಮತ್ತು 28ನ್ನು ಅಳಿಸಬೇಡಿ.

ಕಡ್ಡಾಯ ಕ್ಷೇತ್ರಗಳಿಗೂ ಇದೇ ದಾರಿ. ವರ್ಷಕ್ಕೆ 5 ಕೋಟಿಗಿಂತ ಜಾಸ್ತಿ ವಹಿವಾಟು ಇರುವವರು 2021ರ ಏಪ್ರಿಲ್ 1ರಿಂದ ಬಿಲ್ಲಿನಲ್ಲಿ ಸರಕು ಯಾವ ವರ್ಗದ್ದು ಎಂದು ಹೇಳುವ 6 ಅಂಕಿಯ ಎಚ್‌ಎಸ್‌ಎನ್ ಕೋಡ್ ಹಾಕಬೇಕು. ಇಂಥದ್ದಕ್ಕೆ ಮೊದಲ ಕೆಲವು ವಾರ ಎಚ್ಚರಿಕೆ ಮಾತ್ರ ಕೊಡಿ, ಐಟಂ ಮಾಸ್ಟರ್‌ನಲ್ಲಿ ಕೋಡ್ ಇಲ್ಲದವುಗಳ ಪಟ್ಟಿಯನ್ನು ಮಾಲೀಕರಿಗೆ ಕಳಿಸಿ. ಗಿರಾಕಿ ಎದುರು ನಿಂತಾಗ ಕೋಡ್ ಹುಡುಕುವ ಸ್ಥಿತಿ ಬರಬಾರದು.

10. ದಿನ ನೋಡಿ ಹೊರಡಿ

ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ರ ಕೊನೆ ದಿನ ಮುಂದಿನ ತಿಂಗಳ 11, ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಗೆ 20. ಆ ದಿನಗಳ ಹತ್ತಿರ ವರದಿ ಸ್ಕ್ರೀನ್ ಮುಟ್ಟಬೇಡಿ. ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ, ಆಯುಧಪೂಜೆಯಿಂದ ದೀಪಾವಳಿವರೆಗೆ ಬಿಲ್ಲಿಂಗ್ ಸ್ಕ್ರೀನ್ ಬೇಡ. ಶುಕ್ರವಾರ ಸಂಜೆಯ ಮಾತು ಹೇಳಬೇಕಿಲ್ಲ, ಶನಿವಾರವೇ ಅಂಗಡಿಗೆ ಜೋರು ದಿನ.

ಹೊರಡುವ ಮುನ್ನ ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿತ್ರ, ಎರಡು ಸಾಲು ಕನ್ನಡ ಕಳಿಸಿ. ‘ಸುಧಾರಿತ ಅನುಭವ’ ಅಂತ ಬರೆಯಬೇಡಿ. ‘ಸೋಮವಾರದಿಂದ ರಿಯಾಯಿತಿ ಎರಡು ಕಾಲಂ ಆಗುತ್ತದೆ. ಸ್ಕೀಮ್ ಇಲ್ಲದಿದ್ದರೆ ಎರಡನೆಯದರಲ್ಲಿ ಎಂಟರ್ ಒತ್ತಿ’ ಅಂತ ಬರೆಯಿರಿ. ಅದನ್ನು ಮಾಲೀಕರಿಗೆ ಮಾತ್ರವಲ್ಲ, ಕೌಂಟರ್‌ನಲ್ಲಿ ಕೂರುವವರಿಗೂ ತಲುಪಿಸಿ.

11. ಹಿಂದಕ್ಕೆ ಹೋಗುವ ಬಟನ್ ಮತ್ತು ಅಳತೆ

ಹೊಸ ಸ್ಕ್ರೀನ್‌ನಲ್ಲಿ ‘ಹಳೆಯ ಸ್ಕ್ರೀನ್’ ಬಟನ್ ಇರಲಿ, ಮುಂದಿನ ಬಿಲ್‌ನಿಂದ ಜಾರಿಗೆ ಬರುವಂತೆ. ಅದನ್ನು ಒತ್ತಿದವರಿಗೆ ಫಾರ್ಮ್ ತುಂಬಿಸಬೇಡಿ, ಫೋನ್ ಮಾಡಿ ಕೇಳಿ. ನನ್ನ ಪ್ರಕಾರ ಆ ಫೋನ್‌ಗಿಂತ ಉಪಯೋಗದ ಮಾಹಿತಿ ಬೇರೆ ಇಲ್ಲ.

ಅಳೆಯಬೇಕಾದದ್ದು ಕ್ಲಿಕ್ ಅಲ್ಲ. ಒಂದು ಸಾಲು ಹಾಕಲು ಎಷ್ಟು ಸೆಕೆಂಡ್, ಎಷ್ಟು ಬಿಲ್ ರದ್ದಾದವು, ಸೇವ್ ಆದ ಐದು ನಿಮಿಷದಲ್ಲಿ ಎಷ್ಟು ಬಿಲ್ ಮತ್ತೆ ತಿದ್ದಲ್ಪಟ್ಟವು. ಬದಲಾವಣೆಗೆ ಮೊದಲೇ ಎರಡು ವಾರ ಇವನ್ನು ದಾಖಲಿಸಿಡಿ, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಮೊದಲ ಒಂದೆರಡು ದಿನ ವೇಗ ಕಡಿಮೆಯಾಗುವುದು ಸಹಜ. ಒಂದು ವಾರವಾದರೂ ಹಳೆಯ ವೇಗಕ್ಕೆ ಬರದಿದ್ದರೆ ತರಬೇತಿ ಸಾಲದು ಅನ್ನಬೇಡಿ, ಡಿಸೈನ್ ನೋಡಿ.

12. ಹಳೆಯದನ್ನು ತೆಗೆಯುವುದು

ಹಳೆಯ ಸ್ಕ್ರೀನ್ ಯಾರೂ ತೆರೆಯುತ್ತಿಲ್ಲ, ಹಳೆಯ ಆವೃತ್ತಿಯ ಟ್ಯಾಬ್‌ನಿಂದ ಒಂದೂ ಸೇವ್ ಬರುತ್ತಿಲ್ಲ ಎಂದು ಲಾಗ್ ಹೇಳಿದ ಮೇಲೆ ಕೋಡ್, ಫ್ಲ್ಯಾಗ್, ಹಳೆಯ ಕಾಲಂ ತೆಗೆಯಿರಿ, ಇದೇ ಕ್ರಮದಲ್ಲಿ. ಆದರೆ ಹಳೆಯ ಬಿಲ್‌ಗಳು ತೆರೆಯುವುದು ನಿಲ್ಲಬಾರದು. ಒಂದು ಆರ್ಥಿಕ ವರ್ಷದ ಮಾರಾಟದ ಕ್ರೆಡಿಟ್ ನೋಟನ್ನು ಮುಂದಿನ ನವೆಂಬರ್ 30ರವರೆಗೆ ರಿಟರ್ನ್‌ನಲ್ಲಿ ತೋರಿಸಬಹುದು. ಲೆಕ್ಕದ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಆದ್ದರಿಂದ ಪ್ರತಿ ಹಳೆಯ ನಮೂನೆಯಿಂದ ಒಂದೊಂದು ಬಿಲ್ ಆರಿಸಿ ಟೆಸ್ಟ್‌ಗಳಲ್ಲಿ ಸೇರಿಸಿ: ಒಂದೇ ರಿಯಾಯಿತಿ ಇದ್ದದ್ದು, ಶೇಕಡಾ 28 ತೆರಿಗೆಯದು, 4 ಅಂಕಿಯ ಎಚ್‌ಎಸ್‌ಎನ್‌ನದು. ಪ್ರತಿ ಬಿಲ್ಡ್‌ನಲ್ಲೂ ಅವು ಹೊಸ ಸ್ಕ್ರೀನ್‌ನಲ್ಲಿ ತೆರೆಯಬೇಕು, ಮರು ಪ್ರಿಂಟ್‌ನಲ್ಲಿ ಅಂದಿನ ಮೊತ್ತವೇ ಪೈಸೆ ಸಮೇತ ಬರಬೇಕು.